ಅಕ್ಕೋರು ಉಣ್ಣದ ಊಟ

ಇವತ್ತು ಮಧ್ಯಾಹ್ನ ಕಲಬುರಗಿಯ ನಮ್ಮ ಶಾಲೆಯಲ್ಲಿ, ಹೊಸದಾಗಿ ಬಂದ ಟೀಚರ್ ಒಬ್ಬರು ಬಿಸಿಯೂಟದ ರುಚಿಯನ್ನೇ ನೋಡದೆ ರಿಜಿಸ್ಟರಿನಲ್ಲಿ 'ಊಟ ಚೆನ್ನಾಗಿದೆ' ಎಂದು ಬರೆದು ಸಹಿ ಹಾಕಿ, ತಮ್ಮ ಸ್ಟೀಲ್ ಡಬ್ಬಿ ಬಿಚ್ಚಿದರು. ಪುಂಡಿಪಲ್ಯದ ಹುಳಿ ವಾಸನೆ ಕೋಣೆಯ ತುಂಬ ಹರಡಿತು. ಬೈಯಬೇಕೆನಿಸಿದ್ದೇನೋ ನಿಜ. ನಾನ್ಯಾವ ಮುಖ ಇಟ್ಟುಕೊಂಡು ಬೈಯಲಿ, ಹೇಳಿ?

ಕೆಲವು ವರ್ಷಗಳ ಹಿಂದೆ ಕಮಲಾಪುರದ ಶಾಲೆಯಲ್ಲಿದ್ದಾಗ ನಾನೂ ಹೀಗೇ ಇದ್ದೆ. ಮಕ್ಕಳಿಗೆ ಬಡಿಸುವ ಮೊದಲು ಶಿಕ್ಷಕರೊಬ್ಬರು ಉಂಡು ನೋಡಬೇಕೆಂಬುದು ನಿಯಮ. ನಾನೋ, ಕಲಬುರಗಿಯ ಬ್ರಹ್ಮಪುರದ ಮನೆಯಿಂದ ದಿನಾ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಹೋಗುವ ಠೀವಿಯವಳು. ಸಾರಿನ ಹಬೆ ನೋಡಿಯೇ ರುಚಿ ಬರೆದುಬಿಡುತ್ತಿದ್ದೆ. ಎಂಥ ನಾಲಿಗೆ ನೋಡಿ ನನ್ನದು!

ನಾಲ್ಕನೇ ತರಗತಿಯ ರೇಣುಕಾ ಆಗಾಗ ಪ್ರಾರ್ಥನೆಯ ಹೊತ್ತಿಗೆ ತಲೆ ಸುತ್ತಿ ಕುಸಿಯುತ್ತಿದ್ದಳು. ಅವ್ವ ನಸುಕಿನಲ್ಲೇ ಕೂಲಿಗೆ ಹೋಗುವಾಕೆ. ಹುಡುಗಿಯ ಹೊಟ್ಟೆಗೆ ಬೆಳಿಗ್ಗೆ ಬರೀ ಚಹಾ. ಕೊನೆಯ ಪಿರಿಯಡ್ಡಿನಲ್ಲಿ ತೂಕಡಿಸಿದರೆ, ಸೋಮಾರಿ ಎಂದು ನಾನು ಗದರಿಸುತ್ತಿದ್ದೆ. ಒಂದು ದಿನ ಅಡುಗೆಯ ಶಿವಮ್ಮ ಸೌಟು ಹಿಡಿದುಕೊಂಡೇ ಬಂದು ನನ್ನೆದುರು ನಿಂತಳು.

"ಅಕ್ಕೋರೆ, ಆ ಪೋರಿ ಮಧ್ಯಾಹ್ನಾನೂ ಉಣ್ಣಲ್ರಿ. ಯಾಕ ಅಂತ ಕೇಳಿದ್ರ, ಅಕ್ಕೋರು ಉಣ್ಣದ ಊಟ ನನಗ್ಯಾಕ ಅಂತದ. ನೀವು ಬರಿಯೋದು ಬಿಡ್ರಿ, ಮೊದಲು ಉಣ್ರಿ."

ನಮ್ಮ ಕಡೆ ಅಕ್ಕೋರು ಎಂದರೆ ಟೀಚರ್. ಅಂದರೆ ನಾನೇ. ತಾಟನ್ನೂ ನನ್ನ ಡಬ್ಬಿಯನ್ನೂ ಹಿಡಿದು ಹೋಗಿ ರೇಣುಕಾಳ ಪಕ್ಕ ನೆಲದ ಮೇಲೆ ಕುಳಿತೆ. ಬಿಸಿ ಅನ್ನ, ಬೇಳೆಯಲ್ಲಿ ಬೆಂದ ಕುಂಬಳಕಾಯಿ, ಮೇಲೊಂದು ಮೊಟ್ಟೆ, ಒಲ್ಲದವರಿಗೆ ಬಾಳೆಹಣ್ಣು. ಸಾರು, ದೇವರಾಣೆ, ನಮ್ಮ ಮನೆಯದಕ್ಕಿಂತ ಚೆನ್ನಾಗಿತ್ತು. ಆಕೆ ಮಾತ್ರ ನನ್ನ ಡಬ್ಬಿಯನ್ನೇ ನೋಡುತ್ತಿದ್ದಳು. ಬಿಚ್ಚಿ ಮುಂದಿಟ್ಟೆ.

"ಅಯ್ಯ, ರೊಟ್ಟಿ ಪಲ್ಯಾನೇ ಏನ್ರಿ! ನಾ ಏನೋ ಭಾರಿ ಇರ್ತದ ಅಂದ್ಕೊಂಡಿದ್ದೆ."

ಸಾಲಿಗೆ ಸಾಲೇ ನಕ್ಕಿತು. ನಾನೂ ನಕ್ಕು ರೊಟ್ಟಿ ಮುರಿದು ಕೊಟ್ಟೆ. ಆಕೆ ಅನ್ನಕ್ಕೆ ಕೈ ಹಾಕಿದಳು.

ಮಳೆಗಾಲ ಮುಗಿಯುವಷ್ಟರಲ್ಲಿ ರೇಣುಕಾ ಕುಸಿಯುವುದು ನಿಂತಿತು. ಕೊನೆಯ ಪಿರಿಯಡ್ಡಿನಲ್ಲಿ ಪಾಠ ಓದಲು ಎಲ್ಲರಿಗಿಂತ ಮೊದಲು ಆಕೆಯದೇ ಕೈ ಮೇಲೆ. ಸೋಮಾರಿಯಂತೆ! ಮಗು ಹಸಿದಿತ್ತು, ಅಷ್ಟೇ. ಆ ಮಾತು ಆಡಿದ್ದಕ್ಕೆ ನನಗೆ ಇವತ್ತಿಗೂ ಸಂಕಟವಾಗುತ್ತದೆ. ಆಕೆಗೇನೂ ಸಿಟ್ಟಿರಲಿಲ್ಲ, ದಿನಾ ತಾಟು ತೊಳೆದು ಬಂದು "ಉಂಡ್ರೇನ್ರಿ ಅಕ್ಕೋರೆ?" ಎಂದು ನನ್ನನ್ನೇ ತಪಾಸಣೆ ಮಾಡುತ್ತಿದ್ದಳು.

ಹೊಸ ಟೀಚರಿಗೆ ಇದೇನನ್ನೂ ಹೇಳಲಿಲ್ಲ. ಎರಡು ತಾಟು ತೆಗೆದುಕೊಂಡೆ.

"ಡಬ್ಬಿನೂ ತಗೊಂಡು ಬರ್ರಿ, ಮಕ್ಕಳ ಸಾಲಿನಾಗ ಕೂಡೋಣ."

ಹಿಂಜರಿಯುತ್ತಲೇ ಬಂದು ಕುಳಿತರು. ಎದುರಿಗೆ ಪುಟ್ಟ ಹುಡುಗಿಯೊಬ್ಬಳು ತಾಟು ಮುಟ್ಟದೆ ಅವರ ಮುಖವನ್ನೇ ನೋಡುತ್ತಿದ್ದಳು. ಅವರು ಮೊದಲ ತುತ್ತು ಬಾಯಿಗಿಟ್ಟರು. ಹುಡುಗಿಯೂ ಇಟ್ಟಳು.