ಮುಖ ಮರೆತ ಬಣ್ಣದ ಮಾವ

ಮೋಜಿನ ಪಾರ್ಕಿನ ಗೇಟು ದಾಟಿ ಮೂವತ್ತು ಹೆಜ್ಜೆ ಇಟ್ಟರೆ ಎಡಗಡೆ ಒಂದು ತಗಡಿನ ಚಪ್ಪರ. ಅದರ ಕೆಳಗೆ ಎರಡು ಸ್ಟೂಲು, ಮೂಲೆ ಒಡೆದ ಕನ್ನಡಿ, ನಾಲ್ಕು ನೀರಿನ ಡಬ್ಬ, ಮತ್ತು ಬಣ್ಣದ ಮಾವ. ಮಕ್ಕಳ ಮುಖದ ಮೇಲೆ ಹುಲಿ, ಬೆಕ್ಕು, ಚಿಟ್ಟೆ ಬರೆಯುವುದು ಅವನ ಕೆಲಸ. ಹತ್ತೊಂಬತ್ತು ವರ್ಷದಿಂದ ಅದೇ ಸ್ಟೂಲು, ಅದೇ ಕನ್ನಡಿ. ಅದಕ್ಕೂ ಮೊದಲು ಅಂಗಡಿಗಳ ಬೋರ್ಡು ಬರೆಯುತ್ತಿದ್ದ. ಬೋರ್ಡು ಅಳುವುದಿಲ್ಲ, ಸೀನುವುದಿಲ್ಲ, ಅರ್ಧ ಬರೆದಾಗ ಉಚ್ಚೆ ಬಂತು ಎಂದು ಎದ್ದು ಓಡುವುದಿಲ್ಲ. ಆದರೂ ಮಕ್ಕಳೇ ವಾಸಿ ಎನ್ನುತ್ತಿದ್ದ. ಬೋರ್ಡು ಬೆಳೆದು ದೊಡ್ಡದಾಗಿ ಬಂದು ಮಾತಾಡಿಸುವುದಿಲ್ಲವಲ್ಲ.

ಮಕ್ಕಳು ಬರುತ್ತಿದ್ದರು. ಮೀಸೆ ಚಿಗುರಿದವನೊಬ್ಬ ಎದುರು ನಿಂತು, "ಮಾವಾ, ನಾನು ಗೊತ್ತಾಯ್ತಾ?" ಅಂದರೆ ಸಾಕು, ಮಾವ ಅವನ ಗಲ್ಲ ಹಿಡಿದು ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುಗಿಸುತ್ತಿದ್ದ. "ಹುಲಿ. ಮೂರನೇ ಪಟ್ಟೆಗೆ ಅಮ್ಮಾ ಅಂತ ಕಿರುಚಿದೆ. ಐಸ್‌ಕ್ರೀಮ್ ಕೊಡಿಸ್ತೀನಿ ಅಂತ ನಿಮ್ಮಪ್ಪ ಸುಳ್ಳು ಹೇಳಿ ಕೂರಿಸಿದ್ರು." ಹುಡುಗ ಬಾಯಿ ಬಿಟ್ಟುಕೊಂಡು ನಿಲ್ಲುತ್ತಿದ್ದ. ಬೆರಳಲ್ಲಿ ಮುಟ್ಟಿದ ಮುಖ ಮರೆತು ಹೋಗುವುದೇ ಇಲ್ಲ ಎಂಬುದು ಮಾವನ ಜಂಭ. ಆಸ್ತಿ ಅಂತ ಅವನಿಗಿದ್ದದ್ದು ಅದೊಂದೇ ಜಂಭ, ಪಾಪ. ಸಂಜೆ ಮನೆಗೆ ಹೋಗಿ ಅದನ್ನೇ ಹೆಂಡತಿಯ ಮುಂದೆ ಕೊಚ್ಚುತ್ತಿದ್ದ. ಆಕೆ ಒಲೆ ಕಡೆಯಿಂದ ತಿರುಗದೆಯೇ, "ಸಾಕು, ಸುಮ್ನಿರಿ. ಊರವರ ಮುಖ ಎಲ್ಲಾ ನೆನಪಿರುತ್ತೆ. ಸೋಪು ತನ್ನಿ ಅಂದಿದ್ದು ಮಾತ್ರ ನೆನಪಿರಲ್ಲ" ಅನ್ನುತ್ತಿದ್ದಳು.

ಹೀಗಿರುವಾಗ ಪಾರ್ಕಿಗೆ ಹೊಸ ಮ್ಯಾನೇಜರ್ ಬಂದ. ಅವನ ಹಿಂದೆಯೇ ಮುಖ ಗುರುತಿಸುವ ಮೆಷಿನ್ ಬಂತು. ಗೇಟಿಗೊಂದು ಕ್ಯಾಮೆರಾ, ಜಾರುಬಂಡೆಗೊಂದು, ಊಟದ ಹಾಲಿಗೊಂದು, ಮಾವನ ಚಪ್ಪರದ ಕಂಬಕ್ಕೂ ಒಂದು. ಒಂದು ಸಲ ಮುಖ ತೋರಿಸಿದರೆ ಮುಗಿಯಿತು, ಮೆಷಿನ್ ಜನ್ಮದಲ್ಲಿ ಬಿಡುವುದಿಲ್ಲ. ಮಗು ಎಲ್ಲಿ ನಕ್ಕರೂ ಅಲ್ಲಿಂದಲೇ ಪಾಸ್ ಮಾಡಿಸಿದವರ ಫೋನಿಗೆ ಫೋಟೋ ಹೋಗುತ್ತದೆ, ಕೆಳಗೆ ಒಂದು ಸಾಲು: ‘ನಿಮ್ಮ ಮುದ್ದು ಕಂದ ಈಗ ಜಾರುಬಂಡೆಯಲ್ಲಿ!’ ಇದಕ್ಕೆ ಬಂದವರ ಒಪ್ಪಿಗೆ ಕೇಳಿದ್ದರೇ? ಕೇಳಿದ್ದರಂತೆ, ಟಿಕೆಟಿನ ಹಿಂಬದಿಯಲ್ಲಿ. ಇರುವೆ ಕನ್ನಡಕ ಹಾಕಿಕೊಂಡು ಓದಬೇಕು, ಅಷ್ಟು ಸಣ್ಣ ಅಕ್ಷರ.

"ಕಕ್ಕಸಿಗೂ ಹಾಕ್ತೀರಾ ಸಾರ್?" ಎಂದು ಮಾವ ವಿನಯದಿಂದಲೇ ಕೇಳಿದ.

"ಹೊರಗಡೆ ಮಾತ್ರ" ಎಂದ ಮ್ಯಾನೇಜರ್. ತಮಾಷೆ ಅವನಿಗೆ ಆಗಿಬರುತ್ತಿರಲಿಲ್ಲ.

ಉದ್ಘಾಟನೆಯ ದಿನ ಒಂದು ಪಂದ್ಯವನ್ನೂ ಇಟ್ಟರು. ಚಿಕ್ಕಂದಿನಲ್ಲಿ ಪಾರ್ಕಿಗೆ ಬಂದಿದ್ದ ಇಪ್ಪತ್ತು ಜನರನ್ನು ಕರೆಸಿ, ಆಫೀಸಿನ ಕಡತದಲ್ಲಿದ್ದ ಹಳೆಯ ಫೋಟೋಗಳನ್ನು ಮೆಷಿನ್ನಿಗೆ ಉಣಿಸಿ, ಯಾರು ಯಾರೆಂದು ಹೇಳಬೇಕು. ಎದುರಾಳಿ ಬಣ್ಣದ ಮಾವ. ಮುದುಕನನ್ನು ಸೋಲಿಸಿ ಜನರನ್ನು ನಗಿಸುವ ಲೆಕ್ಕಾಚಾರ ಮ್ಯಾನೇಜರನದು. ಮೆಷಿನ್ ಹದಿನಾಲ್ಕು ಹೇಳಿತು. ಮಾವ ಇಪ್ಪತ್ತಕ್ಕೆ ಇಪ್ಪತ್ತು ಹೇಳಿದ, ಜೊತೆಗೆ ಯಾರಿಗೆ ಯಾವ ಪ್ರಾಣಿ ಬರೆದಿದ್ದೆ ಎಂಬುದನ್ನೂ ಸೇರಿಸಿದ. ಜನ ಶಿಳ್ಳೆ ಹೊಡೆದರು. ಮ್ಯಾನೇಜರನ ಮುಖ ಹರಳೆಣ್ಣೆ ಕುಡಿದ ಹಾಗಾಯಿತು.

ಆ ಸಿಟ್ಟು ಒಂದು ಕಡೆ, ಇನ್ನೊಂದು ಕಡೆ ಬಣ್ಣ ಬಳಿದ ಮಕ್ಕಳನ್ನು ಮೆಷಿನ್ ಗುರುತಿಸುತ್ತದೋ ಇಲ್ಲವೋ ಎಂಬ ಚಿಂತೆ. ಮ್ಯಾನೇಜರ್ ಒಂದು ವಾರ ಮಾವನನ್ನು ಕೂರಿಸಿಕೊಂಡು ಪರೀಕ್ಷೆ ನಡೆಸಿದ. ಕೆಲಸದವರ ಮುಖಕ್ಕೆಲ್ಲ ಬಣ್ಣ ಬಳಿಸಿ ಕ್ಯಾಮೆರಾ ಮುಂದೆ ನಿಲ್ಲಿಸಿದ್ದೇ ನಿಲ್ಲಿಸಿದ್ದು. ಹುಲಿ ಪಾಸಾಯಿತು. ಬೆಕ್ಕು, ಚಿಟ್ಟೆ, ಹೂವು ಎಲ್ಲಾ ಪಾಸು. ಅರ್ಧ ಜೋಕರ್ ಮಾತ್ರ ನಪಾಸು. ಅರ್ಧ ಮುಖಕ್ಕೆ ಬಿಳಿ, ಒಂದು ಕಣ್ಣು ಪೂರ್ತಿ ಕಪ್ಪು, ಬಾಯಿ ಸೊಟ್ಟಗೆ ಕಿವಿಯವರೆಗೆ. ಅದನ್ನು ಬರೆದರೆ ಮೆಷಿನ್ನಿಗೆ ಅದು ಮುಖವೆಂದೇ ಗೊತ್ತಾಗುತ್ತಿರಲಿಲ್ಲ. ಮ್ಯಾನೇಜರ್ ಪಾಸು ನಪಾಸಿನ ಪಟ್ಟಿಯನ್ನು ಚಪ್ಪರದ ಕಂಬಕ್ಕೆ ಅಂಟಿಸಿ, ಮಾವನ ಸಹಿ ಹಾಕಿಸಿಕೊಂಡ.

"ಅರ್ಧ ಜೋಕರ್ ಬರೆದ ದಿನಾನೇ ನಿಮ್ಮ ಸ್ಟೂಲು ಎತ್ತಿಸ್ತೀನಿ. ನೆನಪಿರಲಿ."

"ನಂಗೆ ನೆನಪಿರಲ್ವಾ ಸಾರ್?" ಎಂದ ಮಾವ.

ಒಂದು ಮಧ್ಯಾಹ್ನ, ಮೂರು ಗಂಟೆ ಸುಮಾರಿಗೆ, ಒಬ್ಬ ಹೆಂಗಸು ಆರು ವರ್ಷದ ಮಗಳನ್ನು ಎಳೆದುಕೊಂಡು ಚಪ್ಪರದೊಳಗೆ ನುಗ್ಗಿದಳು. ಮಗು ಸ್ಟೂಲು ಹತ್ತಿ ಕೂತಿತು. ಮಾವ ಅಭ್ಯಾಸದಂತೆ ಕುಂಚ ಎತ್ತಿ, ಗಲ್ಲ ಹಿಡಿದು, ಕಣ್ಣರಳಿಸಿದ.

"ಅರೆರೆ, ನಮ್ಮ ಬೆಕ್ಕು! ಎರಡು ವರ್ಷದ ಹಿಂದೆ ಬಂದಿದ್ದೆ ಅಲ್ವೇನೇ? ಮೀಸೆ ಬರೀವಾಗ ಕಿಲಕಿಲ ಅಂತ ನಕ್ಕಿದ್ದೆ."

ತಾಯಿಯ ಮುಖ ಬಿಳಿಚಿಕೊಂಡಿತು. "ಅಯ್ಯೋ, ನಿಮಗೂ ಗೊತ್ತಾಯ್ತಾ?"

ಗುರುತು ಹಿಡಿದಾಗ ಹೆದರಿದವರನ್ನು ಮಾವ ಹತ್ತೊಂಬತ್ತು ವರ್ಷದಲ್ಲಿ ಕಂಡಿರಲಿಲ್ಲ. ಗಲ್ಲದ ಮೇಲಿಂದ ಕೈ ತಾನಾಗಿಯೇ ಹಿಂದೆ ಸರಿಯಿತು. ಯಾರೋ ಬೈದ ಹಾಗಾಯಿತು ಅವನಿಗೆ.

ಆಕೆ ಒಂದೇ ಉಸಿರಿಗೆ ಹೇಳಿದಳು. ಗಂಡನನ್ನು ಬಿಟ್ಟು ಬೇರೆ ಊರಲ್ಲಿ ಇದ್ದಾಳೆ, ವಿಳಾಸ ಅವನಿಗೆ ಗೊತ್ತಿಲ್ಲ. ಮಗಳ ಹುಟ್ಟುಹಬ್ಬ, ತಿಂಗಳಿಂದ ಪಾರ್ಕು ಪಾರ್ಕು ಎಂದು ಪ್ರಾಣ ತಿಂದಿದ್ದಳು. ಬೇರೆ ಟಿಕೆಟ್ಟೇ ಕೊಂಡಿದ್ದು. ಆದರೆ ಗೇಟಿನ ಪರದೆ ಮಗುವಿನ ಮುಖ ನೋಡಿದ್ದೇ ತಡ, ಎರಡು ವರ್ಷದ ಹಿಂದೆ ಅಪ್ಪ ಫೋಟೋ ಕೊಟ್ಟು ಮಾಡಿಸಿದ್ದ ಹಳೆಯ ಪಾಸನ್ನು ಕಡತದಿಂದ ತೆಗೆದು ‘ಮತ್ತೆ ಸ್ವಾಗತ’ ಎಂದಿತು. ಫೋಟೋ ಅವನ ಫೋನಿಗೆ ಹೋಗಿಯಾಯಿತು.

"ಒಂದು ಗಂಟೆ ದಾರಿ ಅಷ್ಟೇ. ಬಂದೇ ಬರ್ತಾನೆ. ಈಗ ಹೊರಟರೆ ಹೊರಟಿದ್ದೂ ಗೊತ್ತಾಗುತ್ತೆ, ಬಸ್ ಸ್ಟಾಪಲ್ಲೇ ಹಿಡೀತಾನೆ. ಹೋದ ಸಲ ಸಿಕ್ಕಾಗ ಏನ್ ಮಾಡಿದ ನೋಡಿ ಮಾವ." ಮಣಿಕಟ್ಟು ಚಾಚಿದಳು. ಮುರಿದ ಮೂಳೆ ಸೊಟ್ಟಗೆ ಕೂಡಿಕೊಂಡಿತ್ತು.

ಕಂಬದ ಮೇಲಿನ ಕ್ಯಾಮೆರಾ ಟಿಕ್ ಅಂದಿತು. ಇನ್ನೊಂದು ಫೋಟೋ ಹೋಯಿತು: ಸ್ಟೂಲಿನ ಮೇಲೆ ಮಗು, ಪಕ್ಕದಲ್ಲಿ ಮಾವನ ಕೈ, ಕೈಯಲ್ಲಿ ಕುಂಚ. ಮಾವ ಕ್ಯಾಮೆರಾ ನೋಡಿದ, ಅದರ ಕೆಳಗಿನ ಪಟ್ಟಿ ನೋಡಿದ. "ನಿನ್ನ ಮನೆ ಹಾಳಾಗ" ಎಂದು ಆ ಎರಡಕ್ಕೂ ಸೇರಿಸಿ ಬೈದು, ಬಿಳಿ ಬಣ್ಣದ ಡಬ್ಬದ ಮುಚ್ಚಳ ತೆಗೆದ.

ಮಗುವಿಗೆ ಅರ್ಧ ಜೋಕರ್. ತಾಯಿಗೆ ಅರ್ಧ ಜೋಕರ್. ಆದರೆ ಅಷ್ಟು ದೊಡ್ಡ ಪಾರ್ಕಿನಲ್ಲಿ ಎರಡೇ ಎರಡು ಜೋಕರ್ ನಡೆದುಹೋದರೆ ಕುರುಡನೂ ತಿರುಗಿ ನೋಡುತ್ತಾನೆ. ಎದುರಿನ ನಲ್ಲಿಯ ಹತ್ತಿರ ಬಟ್ಟೆ ಕಾರ್ಖಾನೆಯಿಂದ ಪಿಕ್ನಿಕ್ ಬಂದ ಹದಿನೈದು ಹೆಂಗಸರು, ಎಲ್ಲರೂ ಒಂದೇ ಥರದ ಹಳದಿ ಟೀಶರ್ಟಿನಲ್ಲಿ ಕಾಲು ತೊಳೆಯುತ್ತಿದ್ದರು. ನಾಲ್ಕಕ್ಕೆ ಅವರ ವ್ಯಾನು. ಮಾವ ಹೋಗಿ ಅವರಲ್ಲಿ ಹಿರಿಯಳಾದ ಮೇಸ್ತ್ರಿ ಅಕ್ಕನ ಕಿವಿಯಲ್ಲಿ ನಾಲ್ಕು ಮಾತು ಹೇಳಿದ. ಮೇಸ್ತ್ರಿ ಅಕ್ಕ ಬಂದು ತಾಯಿಯ ಮಣಿಕಟ್ಟು ನೋಡಿದಳು, ಮತ್ತೇನೂ ಕೇಳಲಿಲ್ಲ.

"ಏ, ಬನ್ರೇ ಎಲ್ರೂ! ಮುಖ ಕೊಡಿ!"

ಅಬ್ಬಬ್ಬಾ, ಆ ಗದ್ದಲ! ಮಾವ ಮೂರು ಮುಖ ಬರೆಯುವಷ್ಟರಲ್ಲಿ ಸ್ಪಂಜು ಕಿತ್ತುಕೊಂಡು ಒಬ್ಬರಿಗೊಬ್ಬರು ಬಳಿದುಕೊಂಡರು. ಒಬ್ಬಳ ಮೂಗಿಗೆ ಕೆಂಪು, ಇನ್ನೊಬ್ಬಳ ಹಲ್ಲಿಗೂ ಕೆಂಪು. "ನಮ್ಮ ಯಜಮಾನ್ರು ಇವತ್ತು ಮನೆಗೆ ಸೇರಿಸಲ್ಲ ಕಣ್ರೇ!" "ಸೇರಿಸದಿದ್ರೆ ನಿಂಗೇ ಒಳ್ಳೇದು!" ನೀರಾಟಕ್ಕೆಂದು ತಂದಿದ್ದ ಹೆಚ್ಚಿನ ಟೀಶರ್ಟನ್ನು ತಾಯಿಗೆ ತೊಡಿಸಿದರು. ಮಗುವನ್ನು ಟವೆಲಿನಲ್ಲಿ ಸುತ್ತಿ ಮೇಸ್ತ್ರಿ ಅಕ್ಕ ಸೊಂಟಕ್ಕೇರಿಸಿಕೊಂಡಳು.

ನಾಲ್ಕಕ್ಕೆ ಐದು ನಿಮಿಷವಿತ್ತು. ಇಸ್ತ್ರಿ ಮಾಡಿದ ಶರ್ಟಿನ ಗಂಡಸೊಬ್ಬ ಗೇಟಿನೊಳಗೆ ಬಂದು, ಫೋನು ನೋಡುತ್ತಾ, ಬರುವವರು ಹೋಗುವವರನ್ನೆಲ್ಲ ಅಳೆಯುತ್ತಾ ನಿಂತ. ಮಾವ ದೂರದಿಂದಲೇ ಗುರುತು ಹಿಡಿದ. ಎರಡು ವರ್ಷದ ಹಿಂದೆ ಕಂಡ ಮುಖ ಅದು. ಅವನೆದುರೇ ಹದಿನಾರು ಜೋಕರುಗಳು ಹಾಡಿಕೊಂಡು, ಒಬ್ಬರ ಮೇಲೊಬ್ಬರು ಬಿದ್ದು ನಗುತ್ತಾ ಬಂದರು. ಒಬ್ಬಳಂತೂ ಅವನ ಕಡೆ ನಾಲಿಗೆ ಚಾಚಿದಳು. ಅವನು ಮುಖ ಸಿಂಡರಿಸಿಕೊಂಡು ಪಕ್ಕಕ್ಕೆ ಸರಿದು ದಾರಿ ಬಿಟ್ಟ. ಗೇಟಿನ ಪರದೆ ಹದಿನಾರು ಸಲ ಖಾಲಿ ಬಿತ್ತು, ಸೊಂಟದ ಮೇಲಿನ ಟವೆಲಿಗೂ ಒಂದು ಸಲ. ವ್ಯಾನಿನ ಬಾಗಿಲು ಹಾಕಿಕೊಂಡ ಸದ್ದು ಚಪ್ಪರದವರೆಗೂ ಕೇಳಿಸಿತು.

ಗಂಡಸು ನೇರ ಚಪ್ಪರಕ್ಕೆ ಬಂದ. ನಯವಾದ ಮಾತು. "ಅಂಕಲ್, ನನ್ನ ಮಗಳು ಇಲ್ಲಿಗೆ ಬಂದಿದ್ಲಲ್ಲ, ಎಲ್ಲಿ ಹೋದ್ಲು?" ಫೋನು ಮುಂದೆ ಹಿಡಿದ.

ಮಾವ ಕನ್ನಡಕ ಹಾಕಿಕೊಂಡು ನೋಡಿದ. "ಕೈ ನಂದೇ ಸ್ವಾಮಿ. ಮುಖ ನೆನಪಿಲ್ಲ."

"ಒಂದು ಗಂಟೆ ಕೂಡ ಆಗಿಲ್ಲ!"

"ದಿನಕ್ಕೆ ನೂರು ಮಕ್ಕಳು ಬರ್ತಾವೆ. ನಂಗೆ ಮುಖ ನೆನಪು ನಿಲ್ಲಲ್ಲ."

ಗಲಾಟೆ ಕೇಳಿ ಮ್ಯಾನೇಜರ್ ಓಡಿ ಬಂದ, ಅವನ ಹಿಂದೆಯೇ ಗೇಟಿನ ಕಾವಲಿನಾಕೆ. ಗೇಟಿನಲ್ಲಿ ಹದಿನಾರು ಅನಾಮಧೇಯರು ಹೊರಹೋದ ಸುದ್ದಿ ಅವನಿಗೆ ಆಗಲೇ ಮುಟ್ಟಿತ್ತು. ವಿಷಯ ಕೇಳಿ, "ಸುಳ್ಳು ಸಾರ್! ಇವರು ಕಂಡ ಮುಖ ಮರೆಯೋರೇ ಅಲ್ಲ. ನನ್ನ ಮೆಷಿನ್ನನ್ನೇ ಸೋಲಿಸಿದ ಮನುಷ್ಯ!" ಎಂದ. ಹೊಗಳಿಕೆ ಕೊನೆಗೂ ಬಂತು ನೋಡಿ, ಎಂಥಾ ಹೊತ್ತಿನಲ್ಲಿ.

ಇಪ್ಪತ್ತಕ್ಕೆ ಇಪ್ಪತ್ತು, ಆ ಶಿಳ್ಳೆ, ಗಲ್ಲ ಹಿಡಿದು ತಿರುಗಿಸಿದ ಅಷ್ಟೂ ಮುಖಗಳು ಮಾವನ ಕಣ್ಣ ಮುಂದೆ ಬಂದವು. ಮ್ಯಾನೇಜರನನ್ನು ಮೇಲಿಂದ ಕೆಳಗೆ ನಿಧಾನವಾಗಿ ನೋಡಿದ.

"ನೀವು... ನಲ್ಲಿ ರಿಪೇರಿಯವರಲ್ವಾ?"

ಗೇಟಿನ ಕಾವಲಿನಾಕೆ ಕಿಸಕ್ಕೆಂದು ನಕ್ಕು ಬಾಯಿ ಮುಚ್ಚಿಕೊಂಡಳು. ಮ್ಯಾನೇಜರ್ ಕೆಂಪಾದ. ಇಸ್ತ್ರಿ ಶರ್ಟಿನವನು ಮಾವನನ್ನು ಬಹಳ ಹೊತ್ತು ದಿಟ್ಟಿಸಿದ. ಮಾವ ಪೆದ್ದು ನಗೆ ನಗುತ್ತಾ, ತೊಳೆದ ಕುಂಚವನ್ನೇ ಮತ್ತೆ ತೊಳೆಯುತ್ತಾ ನಿಂತ. "ಮುದುಕನಿಗೆ ತಲೆ ಕೆಟ್ಟಿದೆ" ಎಂದು ಅವನು ಹೊರಟುಹೋದ. ಸಂಜೆಯೊಳಗೆ ಸ್ಟೂಲು ಎತ್ತಿಸಿದರು. ಅರ್ಧ ಜೋಕರ್ ಬರೆದ ತಪ್ಪಂತೂ ಇತ್ತು, ಸಾಲದ್ದಕ್ಕೆ ನೆನಪು ಹೋದವನನ್ನು ಮಕ್ಕಳ ಹತ್ತಿರ ಬಿಡಬಾರದಂತೆ. ಕಂಬಿಗಳಿಗೆ ಬಣ್ಣ ಹೊಡೆಯುವ ಕೆಲಸ ಕೊಟ್ಟರು. ಕಂಬಿ ಸೀನುವುದಿಲ್ಲ.

ಆ ಗಂಡಸು ಮತ್ತೆ ಮೂರು ಸಲ ಬಂದ. ಬಂದಾಗಲೆಲ್ಲ ಮಾವನ ಬಳಿ ನಿಂತು, "ಈಗ ನೆನಪಾಯ್ತಾ ಅಂಕಲ್?" ಎಂದು ಕೇಳಿದ. ಮಾವ ಪ್ರತಿ ಸಲವೂ, "ನೀವು ಯಾರು ಸ್ವಾಮಿ?" ಎಂದ. ಅವನು ಯಾವ ಕಂಬದ ಮರೆಯಲ್ಲಿ ನಿಂತು ಕೇಳಿಸಿಕೊಳ್ಳುತ್ತಾನೋ, ಮ್ಯಾನೇಜರ್ ಯಾವಾಗ ಫೋನು ಮಾಡಿ ಹೇಳುತ್ತಾನೋ ಯಾರಿಗೆ ಗೊತ್ತು? ಹಾಗಾಗಿ ಬೇರೆ ಯಾರು ಬಂದರೂ ಮಾವ ಅದನ್ನೇ ಹೇಳಬೇಕಾಯಿತು.

ಮೊನ್ನೆ ಹೊಸದಾಗಿ ಮದುವೆಯಾದ ಹುಡುಗಿಯೊಬ್ಬಳು ಗಂಡನನ್ನು ಕೈಹಿಡಿದು ಎಳೆದುಕೊಂಡು ಬಂದಳು. "ಇವರೇ ರೀ, ನಾ ಹೇಳ್ತಿದ್ನಲ್ಲ! ಮಾವಾ, ನಾನು ಗೊತ್ತಾಯ್ತಾ?" ತಾನೇ ಗಲ್ಲ ಮುಂದೆ ಚಾಚಿದಳು.

ಮ್ಯಾನೇಜರ್ ಹತ್ತು ಹೆಜ್ಜೆ ಆಚೆ ಫೋನಿನಲ್ಲಿದ್ದ. ಮಾವ ಬಣ್ಣದ ಬ್ರಷ್ಷನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ.

"ಇಲ್ಲಮ್ಮ. ಯಾರು ನೀನು?"

ಹುಡುಗಿಯ ಮುಖ ಇಷ್ಟೇ ಇಷ್ಟಾಯಿತು. "ಪಾಪ, ವಯಸ್ಸಾಯ್ತು ಅವರಿಗೆ" ಎಂದು ಗಂಡನಿಗೆ ಹೇಳುತ್ತಾ ಹೋದಳು. ಮಾವನಿಗೆ ಅಳು ಬಂತು. ಕಂಬಿಯ ಕಡೆ ತಿರುಗಿ, ಹೊಡೆದ ಜಾಗಕ್ಕೇ ಮತ್ತೆ ಬಣ್ಣ ಹೊಡೆದ.

ಸಂಜೆ ಮನೆಯಲ್ಲಿ ತಟ್ಟೆಯ ಮುಂದೆ ಅನ್ನ ಕಲಸುತ್ತಲೇ ಕೂತಿದ್ದ. ಆ ಮಧ್ಯಾಹ್ನ ನಡೆದದ್ದನ್ನು ಹೆಂಡತಿಗೂ ಹೇಳಿರಲಿಲ್ಲ. ಆಕೆ ಕೇಳಿಯೂ ಇರಲಿಲ್ಲ. ಆದರೆ ತಲೆ ಕೆಟ್ಟ ಗಂಡ ಈಗ ಸೋಪನ್ನೂ ಮರೆಯದೆ ತರುತ್ತಿದ್ದುದನ್ನು ಆಕೆ ನೋಡಿದ್ದಳು.

"ಇವತ್ತು ಯಾರು ಬಂದಿದ್ರು?" ಎಂದಳು.

ಮಾವ ಬಾಗಿಲ ಕಡೆ ನೋಡಿ, ದನಿ ತಗ್ಗಿಸಿದ. "ಚಿಟ್ಟೆ. ಹದಿನಾರು ವರ್ಷ ಆಯ್ತು. ಬರೀವಾಗ ಸೀನಿಬಿಟ್ಲು, ಒಂದು ರೆಕ್ಕೆ ಕಿವಿ ತನಕ ಹೋಯ್ತು."

ಹೆಂಡತಿ ಸೌಟು ಕೆಳಗಿಟ್ಟು, ಎದುರು ಬಂದು ಕೂತಳು.

"ಆಮೇಲೆ?" ಎಂದಳು.