ಕಾರ್ಬ್ಯುರೇಟರ್ ಮೇಲಿನ ಕೆಂಪು ಚುಕ್ಕೆ

"ಅಕ್ಕಾರ, ಇದರ ಮ್ಯಾಲಿನ ಕೆಂಪು ಚುಕ್ಕಿ ಎಲ್ಲಿ ಹೋತ್ರಿ?"

ಸೊಲ್ಲಾಪುರದ ಅಕ್ಕಲಕೋಟ ರಸ್ತೆಯ ಗ್ಯಾರೇಜಿನಲ್ಲಿ ವಯಸ್ಸಾದ ಮಿಸ್ತ್ರಿ ಹೀಗೆ ಕೇಳಿದಾಗ ನಾನು ಪೆಚ್ಚಾದೆ. ತೀರಿಹೋದ ಮಾವನವರ ಹಳೆಯ ಕಾರಿನ ಕಾರ್ಬ್ಯುರೇಟರನ್ನು ದೇವರ ಮುಂದಿನ ಹಿತ್ತಾಳೆಯ ಸಮೆ ದೀಪದಂತೆ ರಂಗೋಲಿ ಪುಡಿ ಹಾಕಿ ತಿಕ್ಕಿ, ಫಳಫಳ ಹೊಳೆಯುವಂತೆ ಮಾಡಿ ಒಯ್ದಿದ್ದೆ. ಆ ಚುಕ್ಕೆ ಖಂಡೇನವಮಿಯ ಆಯುಧಪೂಜೆಗೆ ಹಚ್ಚಿದ ಕುಂಕುಮವೆಂದುಕೊಂಡು ಅದನ್ನೂ ಕೆರೆದಿದ್ದೆ.

"ಕುಂಕುಮ ಅಲ್ರಿ ಅದು. ಸ್ಕ್ರೂ ಎಲ್ಲಿಗೆ ನಿಂದರಬೇಕಂತ ನಿಮ್ಮ ಮಾವಾರು ನನ್ನ ಮುಂದನ ಹಚ್ಚಿದ್ದ ಪೇಂಟ್."

ಮಿಸ್ತ್ರಿ ಬೈಯಲಿಲ್ಲ. ಗ್ಯಾರೇಜಿನಲ್ಲೇ ನಿಂತಿದ್ದ ಕಾರಿಗೆ ಕಾರ್ಬ್ಯುರೇಟರ್ ಕೂಡಿಸಿ, ಎಂಜಿನ್ ಚಾಲೂ ಮಾಡಿ, ಕಣ್ಣು ಮುಚ್ಚಿ ಸದ್ದು ಕೇಳುತ್ತ ಸ್ಕ್ರೂ ತಿರುವಿದರು. ಗಡಗಡ ನಡುಗುತ್ತಿದ್ದ ಕಾರು ಶಾಂತವಾದಲ್ಲಿಗೆ ಕೈ ನಿಲ್ಲಿಸಿದರು. ನನ್ನ ಚೀಲದಲ್ಲಿದ್ದ ಕೆಂಪು ನೇಲ್‌ಪಾಲಿಶ್ ತೆಗೆಸಿ, ನನ್ನ ಕೈಯಿಂದಲೇ ಅಲ್ಲಿ ಚುಕ್ಕೆ ಇಡಿಸಿದರು.

ಈಗಲೂ ಆ ಕಾರ್ಬ್ಯುರೇಟರನ್ನು ನಾನೇ ಒರೆಸುತ್ತೇನೆ. ಚುಕ್ಕೆಯ ಹತ್ತಿರ ಬಂದಾಗ ಮಾತ್ರ ಕೈ ತಾನಾಗಿಯೇ ಸುತ್ತು ಹಾಕಿಕೊಂಡು ಹೋಗುತ್ತದೆ.