ಹಳ್ಳದಾಚೆಯವನ ಹೊಸಮನೆ

ಕ್ಲೆಮೆನ್ಸ್ ಅವರನ್ನು ಮೊದಲ ಸಲ ಕಂಡಾಗ ಈ ಊರಿನ ಔಷಧಿ ಅಂಗಡಿಗೆ ನಾನು ಹೊಸಬ. ಕೆಸರು ಬೂಟು, ತೋಳಿನ ಮೇಲೆ ಒಣಹುಲ್ಲಿನ ಚೂರು. “ನೀಹೂಸ್ ಹೆಸರಲ್ಲಿ ಬಿಪಿ ಮಾತ್ರೆ ಬಂದಿರ್ಬೇಕು ನೋಡಿ” ಅಂದರು. ಖಾನೆಯಲ್ಲಿ ನಾಲ್ಕಾರು ನೀಹೂಸ್‌ಗಳ ಪೊಟ್ಟಣಗಳಿದ್ದವು. ಕ್ಲೆಮೆನ್ಸ್ ನೀಹೂಸ್ ಇರಲಿಲ್ಲ.

“ಹಾಗಾದ್ರೆ ಆವರ್‌ಬೆಕ್ ಅಂತ ನೋಡಿ.”

“ಅವರು ಯಾರು?”

“ಅದೂ ನಾನೇ.”

ಕೊಡುವುದೋ ಬಿಡುವುದೋ ತಿಳಿಯದೆ ಪೊಟ್ಟಣ ಹಿಡಿದು ನಿಂತೆ. ಅವರಿಗೂ ನನಗಿಂತ ಹೆಚ್ಚು ತಿಳಿದಂತೆ ಕಾಣಲಿಲ್ಲ. ಇನ್ಶೂರೆನ್ಸ್ ಕಾರ್ಡನ್ನು ಹಿಂದುಮುಂದು ತಿರುಗಿಸಿ ನೋಡಿ, “ಇದ್ರಲ್ಲಿ ಹಾಗೇ ಇದೆಯಪ್ಪ” ಅಂದರು.

ನಮ್ಮ ಮ್ಯೂನ್‌ಸ್ಟರ್‌ಲ್ಯಾಂಡಿನ ಕಡೆ ಪ್ರತಿ ಹೊಲಮನೆಗೂ ಒಂದು ಹೆಸರಿರುತ್ತದೆ. ಆ ಮನೆಗೆ ಯಾರು ಬಂದು ಸೇರಿದರೂ ಊರು ಅವರನ್ನು ಅದೇ ಹೆಸರಿನಿಂದ ಕರೆಯುತ್ತದೆ. ಹಿಂದೆಲ್ಲ ಅಳಿಯನಾಗಿ ಬಂದವನು ಕಾಗದದಲ್ಲೂ ಹೆಸರು ಬದಲಿಸಿಕೊಳ್ಳುತ್ತಿದ್ದ. ಕಾನೂನು ಬದಲಾಗಿ ತಲೆಮಾರುಗಳೇ ಕಳೆದವು, ನಾಲಗೆ ಬದಲಾಗಿಲ್ಲ. ನೀಹೂಸ್ ಅಂದರೆ ಇಲ್ಲಿಯ ಹಳೆಯ ಆಡುನುಡಿಯಲ್ಲಿ ಹೊಸಮನೆ. ಆ ಹೊಸಮನೆಯ ತೊಲೆಗಳು ನೂರಾರು ವರ್ಷ ಹಳೆಯವು. ಸುತ್ತಲಿನ ಊರುಗಳಲ್ಲಿ ಒಂದು ಕಾಲಕ್ಕೆ ಯಾರಾದರೂ ಹೊಸ ಮನೆ ಕಟ್ಟಿದಲ್ಲೆಲ್ಲ ಒಂದೊಂದು ನೀಹೂಸ್ ಕುಟುಂಬ ಹುಟ್ಟಿಕೊಂಡಿತು. ಅದಕ್ಕೇ ಫೋನ್ ಡೈರೆಕ್ಟರಿಯಲ್ಲಿ ಅವರು ಸಾಲುಗಟ್ಟಿ ನಿಂತಿದ್ದಾರೆ. ಬಹುಪಾಲು ಒಬ್ಬರಿಗೊಬ್ಬರು ನೆಂಟರೇ ಅಲ್ಲ. ಆವರ್‌ಬೆಕ್‌ಗಳು ಅಷ್ಟು ಮಂದಿಯಿಲ್ಲ. ನಮ್ಮೂರಲ್ಲಿ ಅವರದು ಒಂದೇ ಮನೆ, ಹಳ್ಳದ ಆ ದಡದಲ್ಲಿ.

ಕ್ಲೆಮೆನ್ಸ್ ಆ ಮನೆಯ ಎರಡನೆಯ ಮಗ. ಜಮೀನು ಅಣ್ಣ ಥೆಯೋಗೆ ಹೋಯಿತು. ಇವರು ಯಂತ್ರಗಳ ರಿಪೇರಿ ಕಲಿತರು. ನೀಹೂಸ್ ಮನೆಯ ಹಾಲು ಕರೆಯುವ ಯಂತ್ರ ಕೆಟ್ಟಾಗ ಹಳ್ಳ ದಾಟಿ ಬಂದರು. ಅದು ಸರಿಯಾದ ಮೇಲೂ ಬರುತ್ತಿದ್ದರು. ಆ ಮನೆಯ ಒಬ್ಬಳೇ ಮಗಳು ಹೆಡ್ವಿಗ್ ಜೊತೆ ಮದುವೆಯಾಯಿತು. ದಂಪತಿಗೆ ಯಾರ ಹೆಸರಿರಲಿ ಎಂದು ನೋಂದಣಿ ಕಚೇರಿಯಲ್ಲಿ ಕೇಳಿದಾಗ ಮಾವನೇ ಮುಂದೆ ಬಂದು, “ಹುಡುಗನದ್ದೇ ಬರ್ಕೊಳ್ಳಿ ಸ್ವಾಮಿ. ಕಾಗದದಲ್ಲಿ ಏನಿದ್ರೇನು, ಊರಿನವರು ಕರೆಯೋದು ನೀಹೂಸ್ ಅಂತಾನೇ” ಎಂದರಂತೆ.

ಹಾಗೇ ಆಯಿತು. ಕಾಗದದಲ್ಲಿ ಹೆಡ್ವಿಗ್ ಆವರ್‌ಬೆಕ್ ಆದರು. ಊರಿನ ಬಾಯಲ್ಲಿ ಕ್ಲೆಮೆನ್ಸ್ ನೀಹೂಸ್ ಆದರು. ತೆರಿಗೆ ಕಟ್ಟುವುದು ಆವರ್‌ಬೆಕ್, ಹಂದಿ ಮಾರುವುದು ನೀಹೂಸ್. ಇದಕ್ಕೆಲ್ಲ ಅವರು ಹೊಂದಿಕೊಂಡರು. ಒಂದು ಮಾತ್ರ ಚುಚ್ಚುತ್ತಿತ್ತು. ಅಣ್ಣನ ಮನೆಗೆ ಹೋದರೆ ಅಲ್ಲಿಯ ಮೊಮ್ಮಕ್ಕಳೂ “ನೀಹೂಸ್ ತಾತ ಬಂದ್ರು” ಎಂದು ಕೂಗುತ್ತಿದ್ದರು. “ಹುಟ್ಟಿದ ಅಂಗಳದಲ್ಲೇ ನಾನು ಬೇರೆ ಮನೆಯೋನು ನೋಡಿ” ಎಂದು ಒಮ್ಮೆ ಮಾತ್ರೆ ಎಣಿಸಿಕೊಳ್ಳುತ್ತಾ ನನ್ನ ಹತ್ತಿರ ಹೇಳಿದ್ದರು.

ಹೀಗಿರುವಾಗ ಅವರು ರಾಜರಾದರು. ಅದೂ ಕೈತಪ್ಪಿ.

ಜೂನ್ ತಿಂಗಳ ಬಂದೂಕಿನ ಹಬ್ಬದಲ್ಲಿ ಎತ್ತರದ ಕಂಬದ ಮೇಲೆ ಮರದ ಹಕ್ಕಿಯನ್ನು ಕೂರಿಸುತ್ತಾರೆ. ಅದರ ಕೊನೆಯ ತುಂಡನ್ನು ಬೀಳಿಸಿದವನು ಆ ವರ್ಷದ ರಾಜ. ರಾಜನಾದವನು ಊರಿಗೆಲ್ಲ ಬಿಯರ್ ಕುಡಿಸಬೇಕು. ಆದ್ದರಿಂದ ಹಕ್ಕಿ ಅಲ್ಲಾಡತೊಡಗಿದ ಮೇಲೆ ಬಹಳ ಜನ ಬಲು ಎಚ್ಚರಿಕೆಯಿಂದ ಗುರಿಯಿಟ್ಟು ತಪ್ಪಿಸುತ್ತಾರೆ. ಕ್ಲೆಮೆನ್ಸ್ ಕೂಡ ಹಕ್ಕಿಗೆ ತಾಗದಂತೆ ಎಡಕ್ಕೆ ಗುರಿಯಿಟ್ಟೇ ಹೊಡೆದರು. ಹಕ್ಕಿ ಆಗಲೇ ಸೀಳಿ ಎಡಕ್ಕೇ ಜೋತುಬಿದ್ದಿದ್ದು ಅವರ ಹಳೆಯ ಕನ್ನಡಕಕ್ಕೆ ಕಾಣಲಿಲ್ಲ.

“ಏನಯ್ಯಾ ಮಹಾರಾಜ, ತಪ್ಪಿಸೋಕೂ ಬರಲ್ವಾ ನಿಂಗೆ?” ಹಿಂದಿನಿಂದ ಯಾರೋ ಕೂಗಿದರು.

ಹಬ್ಬ ನಡೆಸುವ ಸಂಘದ ಅಧ್ಯಕ್ಷ ಉಪ್ಪೆನ್‌ಕಾಂಪ್ ಮೈಕಿನಲ್ಲಿ, “ನಮ್ಮ ರಾಜ ಕ್ಲೆಮೆನ್ಸ್ ನೀಹೂಸ್‌ಗೆ ಜಯವಾಗಲಿ!” ಎಂದು ಘೋಷಿಸಿದರು. ವಾದ್ಯದವರು ಊದಿದರು. ಕ್ಲೆಮೆನ್ಸ್ ಬಂದೂಕನ್ನು ಯಾರ ಕೈಗೆ ಕೊಡುವುದೆಂದು ಸುತ್ತ ನೋಡುತ್ತಿದ್ದರು.

ರಾಜನಾದ ಪ್ರತಿಯೊಬ್ಬನೂ ತನ್ನ ಹೆಸರು ಕೊರೆದ ಒಂದು ಬೆಳ್ಳಿ ಬಿಲ್ಲೆಯನ್ನು ರಾಜ ಕೊರಳಿಗೆ ಹಾಕಿಕೊಳ್ಳುವ ಸಂಘದ ಸರಪಳಿಗೆ ಸೇರಿಸಬೇಕು. ಮನುಷ್ಯ ಹೋದರೂ ಬಿಲ್ಲೆ ಉಳಿಯುತ್ತದೆ. ಮುಂದಿನ ಭಾನುವಾರದ ಮೆರವಣಿಗೆಗೆ ಅದು ಸಿದ್ಧವಾಗಬೇಕಿತ್ತು.

“ನೀಹೂಸ್ ಅಂತ ತಾನೆ ಕೊರೆಸೋದು?” ಎಂದು ಉಪ್ಪೆನ್‌ಕಾಂಪ್ ಕೇಳಿದರು.

“ಆವರ್‌ಬೆಕ್ ಅಂತ.”

“ಆವರ್‌ಬೆಕ್ಕಾ? ಥೆಯೋ ಗುಂಡು ಹಾರಿಸ್ಲೇ ಇಲ್ವಲ್ಲೋ!”

ಈ ಮಾತಿಗೆ ನಕ್ಕವರಲ್ಲಿ ನಾನೂ ಒಬ್ಬ. ಕ್ಲೆಮೆನ್ಸ್ ನಗಲಿಲ್ಲ. ಮನೆಗೆ ಹೋಗಿ ಹೆಂಡತಿಗೆ ಹೇಳಿದರು: “ಒಂದೇ ಒಂದು ಕಡೆ ನಮ್ಮಪ್ಪನ ಹೆಸರು ಇರ್ಲಿ, ಹೆಡ್ವಿಗ್. ಈ ಊರಲ್ಲಿ ನಾನು ಅಂತ ಒಬ್ಬ ಇದ್ದೆ ಅಂತ ಗೊತ್ತಾಗ್ಲಿ.”

ಹೆಡ್ವಿಗ್ ಆಲೂಗಡ್ಡೆ ಸುಲಿಯುವುದನ್ನು ನಿಲ್ಲಿಸಿದರು. “ಆ ಸರಪಳೀಲಿ ನಮ್ಮಪ್ಪನ ಬಿಲ್ಲೆ ಇದೆ, ಗೊತ್ತಲ್ಲ? ನೀಹೂಸ್ ಅಂತ. ಕಾಗದದಲ್ಲಿ ಈಗ ಈ ಮನೇಲಿ ಒಬ್ರೂ ನೀಹೂಸ್ ಇಲ್ಲ ಕಣೋ, ನಾನೂ ಇಲ್ಲ. ಬೆಳ್ಳೀಲೂ ನೀನು ಆವರ್‌ಬೆಕ್ ಅಂತ ಕೊರೆಸಿದ್ರೆ ನಮ್ಮನೆ ಅಲ್ಲಿಗೆ ಮುಗೀತು.”

ಅವರು ಹೇಳಿದ್ದು ನಿಜ. ಕ್ಲೆಮೆನ್ಸ್ ಹೇಳಿದ್ದೂ ನಿಜ.

ಮರುದಿನ ಕ್ಲೆಮೆನ್ಸ್ ಬೆಂಬಲ ಹುಡುಕಿಕೊಂಡು ಅಣ್ಣನ ಮನೆಗೆ ಹೋದರು. ಥೆಯೋ ತಮ್ಮನಿಗೊಂದು ಗುಟುಕು ಸ್ನ್ಯಾಪ್ಸ್ ಮದ್ಯ ಕೊಟ್ಟು, ಕಣಜದ ದೊಡ್ಡ ಬಾಗಿಲ ಮುಂದೆ ನಿಲ್ಲಿಸಿದರು. ಮೇಲಿನ ಓಕ್ ತೊಲೆಗೆ ಬಳಿದಿದ್ದ ಹಳೆಯ ಡಾಂಬರನ್ನು ಆ ವಸಂತದಲ್ಲಷ್ಟೇ ಕೆರೆಸಿದ್ದರಂತೆ. ಕಣಜ ಕಟ್ಟಿಸಿದ ದಂಪತಿಯ ಹೆಸರು ಕೆತ್ತುವುದು ಆ ತೊಲೆಯ ಮೇಲೆಯೇ.

“ಓದು.”

“ಯಾನ್ ಹೆಂಡ್ರಿಕ್ ಹೋಲ್ಷರ್, ಈಗ ಆವರ್‌ಬೆಕ್... ಯಾರೋ ಇದು ಹೋಲ್ಷರ್?”

“ನಮ್ಮ ಮುತ್ತಜ್ಜನ ಅಜ್ಜ. ಮರದ ಚಪ್ಪಲಿ ಕೆತ್ತೋರ ಮನೆಯೋನು. ಅಳಿಯನಾಗಿ ಬಂದ, ಆವರ್‌ಬೆಕ್ ಆದ. ನಿನ್ ಥರಾನೇ! ನಿಂಗೆ ನಿಜವಾದ ಹೆಸರೇ ಬೇಕು ಅಂದ್ರೆ ಹೋಲ್ಷರ್ ಅಂತ ಕೊರೆಸ್ಕೋ ಹೋಗು.”

ಥೆಯೋ ಹೊಟ್ಟೆ ಹಿಡಿದು ನಕ್ಕರು. ಕ್ಲೆಮೆನ್ಸ್ ಕತ್ತೆತ್ತಿ ಮತ್ತೊಮ್ಮೆ ಓದಿದರು. ಬಾಲ್ಯವೆಲ್ಲ ಆ ತೊಲೆಯ ಕೆಳಗೇ ಓಡಾಡಿದ್ದವರು ಅವರು. ಅಂದು ನನ್ನ ಅಂಗಡಿಗೆ ಬಂದಾಗ ಅವರಿಗೆ ಏನು ಬೇಕಾಗಿತ್ತೆಂಬುದೇ ಮರೆತುಹೋಗಿತ್ತು. “ಅಪ್ಪನ ಹೆಸರು ಅಂತ ಹಟ ಹಿಡಿದ್ನಲ್ಲ, ಅದೂ ಯಾರ್ದೋ ಮಾವನ ಮನೇದು” ಎಂದು ತೊಲೆಯ ಕಥೆಯನ್ನೆಲ್ಲ ಹೇಳಿದರು. ನಾನು ಕೆಮ್ಮಿನ ಸಿಹಿಗುಳಿಗೆಯ ಒಂದು ಪೊಟ್ಟಣ ಕೊಟ್ಟೆ.

ಮನೆಗೆ ಹೋಗಿ ಹೆಂಡತಿಗೂ ಹೇಳಿದರು.

ಶನಿವಾರ ಸಂಜೆ ಉಪ್ಪೆನ್‌ಕಾಂಪ್ ಬಿಲ್ಲೆಯ ಪುಟ್ಟ ಡಬ್ಬಿಯನ್ನೂ ಸರಪಳಿಯನ್ನೂ ಹಿಡಿದು ಹೊಸಮನೆಗೆ ಬಂದರು. ಕ್ಲೆಮೆನ್ಸ್ ಅವರ ಬಿಪಿ ಅಳೆಯಲು ಯಂತ್ರ ತೆಗೆದುಕೊಂಡು ನಾನೂ ಅಲ್ಲಿಗೆ ಹೋಗಿದ್ದೆ. ಕ್ಲೆಮೆನ್ಸ್ ಡಬ್ಬಿ ತೆರೆದು, ಬಿಲ್ಲೆಯನ್ನು ಹೆಂಡತಿಯ ಕೈಗಿಟ್ಟರು.

“ಬೆಳ್ಳಿ ಕೆಲಸದವರಿಗೆ ನಾನೇ ಫೋನ್ ಮಾಡಿ ಹೇಳ್ದೆ. ನೋಡು, ನೀಹೂಸ್.”

ಹೆಡ್ವಿಗ್ ಗಾಬರಿಯಾದರು. “ನೀನ್ಯಾಕೋ ಮಾಡಿದ್ದು? ನಾನು ಆವರ್‌ಬೆಕ್ ಅಂತ ಹಾಕಿ ಅಂತ ಹೇಳಿದ್ನಲ್ಲ!”

“ಯಾರಿಗೆ?”

“ಬೆಳ್ಳಿ ಕೆಲಸದವರ ಹೆಂಡ್ತಿಗೆ!”

ಉಪ್ಪೆನ್‌ಕಾಂಪ್ ತಲೆ ಕೆರೆದುಕೊಂಡು ಬಿಲ್ಲೆಯನ್ನು ತಿರುಗಿಸಿದರು. ಹಿಂಬದಿಯಲ್ಲಿ ಅಷ್ಟೇ ಅಂದವಾಗಿ ಆವರ್‌ಬೆಕ್ ಎಂದು ಕೊರೆದಿತ್ತು. ಮೊದಲ ಹೆಸರು ಕೊರೆದು ಮುಗಿಸಿದ ಮೇಲೆ ಎರಡನೆಯ ಫೋನಿನ ಸುದ್ದಿ ತಿಳಿದ ಬೆಳ್ಳಿ ಕೆಲಸದವನು, ಗಿರಾಕಿ ಮನಸ್ಸು ಬದಲಿಸಿದ್ದಾನೆಂದುಕೊಂಡು, ಬೆಳ್ಳಿ ಹಾಳಾಗಬಾರದೆಂದು ಅದನ್ನೇ ಮಗುಚಿ ಕೊರೆದಿದ್ದ.

“ಮುಂದಿನವರು ಇಬ್ರು ರಾಜರಿದ್ರು ಅಂದ್ಕೋತಾರೆ” ಎಂದು ಗೊಣಗಿದರು ಉಪ್ಪೆನ್‌ಕಾಂಪ್. “ಸರಿಯಾದ್ದು ಯಾವ್ದು ಅಂತಾದ್ರೂ ಹೇಳ್ರಪ್ಪ.”

“ನೀನ್ಯಾಕೆ ಬಿಟ್ಟುಕೊಟ್ಟೆ?” ಕ್ಲೆಮೆನ್ಸ್ ಹೆಂಡತಿಯನ್ನು ಕೇಳಿದರು.

“ಆವರ್‌ಬೆಕ್ ಅಂದ್ರೆ ಏನು? ಹಳ್ಳದಾಚೆಯವನು. ನಿಮ್ಮ ಥೆಯೋ ಅಂಗಳದಲ್ಲಿ ನಿಂತು ನೋಡು. ಈಗ ಹಳ್ಳದಾಚೆ ಇರೋದು ಯಾರು? ನೀನು. ನಾನು. ಈ ಮನೆ. ಆ ಹೆಸರು ನಮ್ಮನೇಗೂ ಆಗುತ್ತೆ ಅಂದ್ಕೊಂಡೆ.”

“ಹಾಗಾದ್ರೆ ಥೆಯೋ ಯಾರು?”

“ಅದು ನಂಗೊತ್ತಿಲ್ಲಪ್ಪ.”

ಅವರ ತೋಳಿಗೆ ಪಟ್ಟಿ ಸುತ್ತಿ ಬಿಪಿ ನೋಡಿದೆ. ಆ ಬೇಸಿಗೆಯಲ್ಲೇ ಅದು ಮೊದಲ ಬಾರಿ ಸರಿಯಾಗಿತ್ತು.

ಭಾನುವಾರ ಹೊಸ ಬಿಲ್ಲೆ ಸರಪಳಿಯ ತುದಿಯಲ್ಲಿ ಒಂದೇ ಕೊಂಡಿಯಲ್ಲಿ ತೂಗುತ್ತಿತ್ತು. ಕ್ಲೆಮೆನ್ಸ್ ಹೆಡ್ವಿಗ್‌ರ ಕೈ ಹಿಡಿದು, ವಾದ್ಯಕ್ಕೆ ಹೆಜ್ಜೆ ತಪ್ಪುತ್ತಾ ನಡೆದರು. ಪ್ರತಿ ಹೆಜ್ಜೆಗೂ ಬಿಲ್ಲೆ ತಿರುಗುತ್ತಿತ್ತು. ರಸ್ತೆಯ ಬದಿಯಲ್ಲಿದ್ದ ಥೆಯೋನ ಮೊಮ್ಮಗಳು ಬಗ್ಗಿ ಓದಲು ನೋಡಿ, ಓದಲಾಗದೆ, ಕೊನೆಗೆ “ಕ್ಲೆಮೆನ್ಸ್ ತಾತಾ!” ಎಂದು ಕೂಗಿದಳು.

ಅವರು ತಕ್ಷಣ ತಿರುಗಿ ನೋಡಿದರು.